ಏರಿನಲ್ಲಿ ಟೈರ್ ಜಾರಿದರೆ

ಚಿಕ್ಕಬಳ್ಳಾಪುರದ ಸರ್, ಸೈಕಲ್ಲನ್ನ ಮನೆಯಲ್ಲೇ ಟ್ರೇನರ್ ಸ್ಟ್ಯಾಂಡಿಗೆ ಹಾಕಿ ಜ್ವಿಫ್ಟ್ (ಪರದೆ ಮೇಲೆ ರಸ್ತೆ ತೋರಿಸೋ ಸೈಕಲ್ ಆ್ಯಪ್) ಜೊತೆ ತುಳಿಯುವಾಗ ಏರು ಬಂದ್ರೆ ಹಿಂದಿನ ಚಕ್ರ ಟ್ರೇನರ್‌ನ ರೋಲರ್ ಮೇಲೆ ಜಾರುತ್ತೆ, ವಾಟ್ಸ್ (ತುಳಿತದ ಶಕ್ತಿ) ದಿನಕ್ಕೊಂದು ತೋರಿಸುತ್ತೆ ಅಂದ್ರಿ. ಎರಡಕ್ಕೂ ಮೊದಲು ಟೈರ್ ನೋಡಿ. ಬಟನ್ ಟೈರ್ (ಮೈಮೇಲೆ ಗುಬ್ಬಿಗಳಿರೋದು) ಇದ್ರೆ ತೆಗೆದು ನುಣುಪಾದದ್ದು ಹಾಕಿ. ಟೈರ್, ರೋಲರ್ ಎರಡನ್ನೂ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಚೈನ್ ಎಣ್ಣೆ ಒಂದು ಹನಿ ಸಾಕು ಜಾರೋಕೆ. 25 ಎಂಎಂ ಟೈರಿಗೆ 100 ಪಿಎಸ್‌ಐ ಗಾಳಿ, ಟೈರಿನ ಪಕ್ಕದಲ್ಲಿ ಬರೆದ ಮಿತಿಯೊಳಗೆ, ಪ್ರತಿ ಸಲವೂ ಅಷ್ಟೇ. ರೋಲರ್ ಟೈರಿಗೆ ತಾಗಿದ ಮೇಲೆ ಅದನ್ನ ಒತ್ತೋ ನಾಬ್ ಸುಮಾರು ಎರಡು ಸುತ್ತು ಬಿಗಿ ಮಾಡಿ.

ಕ್ಯಾಲಿಬ್ರೇಷನ್ (ಟ್ರೇನರ್‌ನ ವಾಟ್ಸ್ ಲೆಕ್ಕ ಸರಿಹೊಂದಿಸೋದು) ಹತ್ತು ನಿಮಿಷ ತುಳಿದ ಮೇಲೇ ಮಾಡಿ. ಟೈರ್ ಬಿಸಿಯಾದಂತೆ ಒಳಗಿನ ಒತ್ತಡ ಏರುತ್ತೆ, ತಣ್ಣಗಿದ್ದಾಗ ಮಾಡಿದ ಲೆಕ್ಕ ಆಗ ಸುಳ್ಳು.

ನಂದಿ ಬೆಟ್ಟಕ್ಕೆ ತಯಾರಿ ಅಂತ ಟ್ರೇನರ್ ಡಿಫಿಕಲ್ಟಿ (ಏರಿನ ಭಾರ ಕಾಲಿಗೆ ಎಷ್ಟು ಗೊತ್ತಾಗಬೇಕು ಅನ್ನೋ ಜ್ವಿಫ್ಟ್ ಸೆಟ್ಟಿಂಗ್) ಪೂರ್ತಿ ಏರಿಸಿದ್ರೆ ಅರ್ಧಕ್ಕೆ ಇಳಿಸಿ. ಅದೇ ವಾಟ್ಸ್‌ಗೆ ಪರದೆಯ ವೇಗ ಅಷ್ಟೇ ಇರುತ್ತೆ, ಗೇರ್ ಬದಲಿಸೋ ಗೋಳು ಮಾತ್ರ ಕಡಿಮೆ.