ಸಿಂತ್ ಪಾಪ್ (ಸಿಂತಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಸದ್ದಿನ ಮೇಲೆ ನಿಂತ ಪಾಪ್) ಬ್ಯಾಂಡ್ ಆಗಿದ್ದ ಡಿಪೆಶ್ ಮೋಡ್ 1993ರ ಆಲ್ಬಮ್‌ನಲ್ಲಿ ರಾಕ್ ಕಡೆ ವಾಲಿದ್ದೇಕೆ?

ಮುಖ್ಯವಾಗಿ, ಮಾಡಿದ್ದನ್ನೇ ಮತ್ತೆ ಮಾಡಲು ಅವರಿಗೆ ಮನಸ್ಸಿರಲಿಲ್ಲ. 1990ರ ಆಲ್ಬಮ್ 'ವಯೊಲೇಟರ್' ಭರ್ಜರಿಯಾಗಿ ಗೆದ್ದಿತ್ತು. ಅದೇ ಅಚ್ಚಿನಲ್ಲಿ ಇನ್ನೊಂದು ಬಂದಿದ್ದರೂ ಜನ ಕೊಳ್ಳುತ್ತಿದ್ದರು ಬಿಡಿ. ಅಷ್ಟರಲ್ಲಿ ಗಾಯಕ ಡೇವ್ ಗಹನ್ ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸಿದ್ದರು. ಅಲ್ಲಿನ ರಾಕ್ ಗಾಳಿ ಅವರಿಗೆ ಚೆನ್ನಾಗಿಯೇ ಬಡಿದಿತ್ತು. ಉದ್ದ ಕೂದಲು, ಇನ್ನಷ್ಟು ಟ್ಯಾಟೂ ಎಲ್ಲಾ ಆಗಲೇ ಬಂದಿದ್ದು.

1993ರ ಆ ಆಲ್ಬಮ್ 'ಸಾಂಗ್ಸ್ ಆಫ್ ಫೇತ್ ಆ್ಯಂಡ್ ಡಿವೋಷನ್'ನ ಮೊದಲ ಹಾಡು 'ಐ ಫೀಲ್ ಯೂ' ಹಾಕಿ ನೋಡಿ. ಶುರುವಿಗೇ ಕಿವಿ ಕೊರೆಯುವ ಕರ್ಕಶ ಸದ್ದು. ಅದರ ಬೆನ್ನಿಗೇ ಬ್ಯಾಂಡ್‌ನ ಮಾರ್ಟಿನ್ ಗೋರ್ ಅವರ ಗಿಟಾರ್, ಬ್ಲೂಸ್ ಧಾಟಿಯಲ್ಲಿ. ಡ್ರಮ್ಸ್ ಕೂಡ ಯಂತ್ರದ್ದಲ್ಲ, ಬ್ಯಾಂಡ್‌ನ ಇನ್ನೊಬ್ಬ ಸದಸ್ಯ ಆಲನ್ ವೈಲ್ಡರ್ ಕೂತು ಬಾರಿಸಿದ್ದು.

ಆದರೆ ನನಗೆ ಜಾಸ್ತಿ ಇಷ್ಟವಾಗುವ ವಿಷಯ ಬೇರೆ. ಬಾರಿಸಿದ್ದನ್ನು ಅವರು ಹಾಗೇ ಬಿಡಲಿಲ್ಲ. ವೈಲ್ಡರ್ ಮತ್ತು ನಿರ್ಮಾಪಕ ಫ್ಲಡ್ ಅದನ್ನು ಸ್ಯಾಂಪ್ಲರ್‌ಗೆ (ಸದ್ದು ಹಿಡಿದಿಟ್ಟು ಬೇಕಾದಂತೆ ನುಡಿಸುವ ಯಂತ್ರ) ಹಾಕಿ, ತುಂಡು ಮಾಡಿ, ಲೂಪ್ ಮಾಡಿದರು, ಅಂದರೆ ಅದೇ ತುಂಡು ಮತ್ತೆ ಮತ್ತೆ ಸುತ್ತುವಂತೆ ಮಾಡಿದರು. ಅದಕ್ಕೇ ಡ್ರಮ್ಸ್‌ನಲ್ಲಿ ಮನುಷ್ಯನ ಕೈಯ ಭಾರವೂ ಇದೆ, ಯಂತ್ರದ ಬಿಗಿಯೂ ಇದೆ. ಸುಮ್ನೆ ಸಿಂತ್ ಬಿಟ್ಟು ಗಿಟಾರ್ ಹಿಡಿದರು ಅನ್ನೋದು ಅರ್ಧ ಸತ್ಯ ಅಷ್ಟೇ, ಅಲ್ವಾ? ಜೊತೆಗೆ 'ಕಂಡೆಮ್ನೇಷನ್' ಥರದ ಹಾಡುಗಳಲ್ಲಿ ಗಾಸ್ಪೆಲ್ (ಅಮೆರಿಕದ ಕಪ್ಪು ಜನರ ಚರ್ಚ್ ಹಾಡುಗಳ) ಛಾಯೆ ದಟ್ಟವಾಗಿದೆ.

ಆಲ್ಬಮ್ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. 1995ರಲ್ಲಿ ವೈಲ್ಡರ್ ಬ್ಯಾಂಡ್ ಬಿಟ್ಟರು. 1997ರ 'ಅಲ್ಟ್ರಾ' ಹೊತ್ತಿಗೆ ಎಲೆಕ್ಟ್ರಾನಿಕ್ ಸದ್ದು ಮತ್ತೆ ಮುಂದೆ ಬಂತು.