ಗಡ್ಡೆ ಕರಗಿದ ಮೇಲೂ ಆಪರೇಷನ್ ಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಗುದದ್ವಾರಕ್ಕೆ ತೀರ ಸಮೀಪದಲ್ಲಿ ಗುದನಾಳದ ಕ್ಯಾನ್ಸರ್ ಇರುವುದು ಗೊತ್ತಾಗಿ ರೇಡಿಯೇಷನ್ ಮತ್ತು ಕೀಮೋ ಕೊಡಿಸಿದೆವು. ಆಪರೇಷನ್ ಆದರೆ ಜೀವನಪೂರ್ತಿ ಹೊಟ್ಟೆಯ ಮೇಲೆ ಮಲ ಸಂಗ್ರಹಿಸುವ ಚೀಲ ಇರುತ್ತದೆಂದು ಮೊದಲೇ ತಿಳಿಸಿದ್ದರು. ಈಗ ಸರ್ಜನ್ ಅವರು ‘ಗಡ್ಡೆ ಕಾಣಿಸುತ್ತಿಲ್ಲ, ಸದ್ಯಕ್ಕೆ ಆಪರೇಷನ್ ಬೇಡ, ಕಾದು ನೋಡೋಣ’ ಎನ್ನುತ್ತಿದ್ದಾರೆ. ನಮ್ಮನ್ನು ಕೈಬಿಟ್ಟರೇನೋ ಎಂಬ ಅಳುಕು. ಈ ಪದ್ಧತಿ ಎಲ್ಲಿಂದ ಬಂತು? ನಂಬಬಹುದೇ?
— ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಅಳುಕು ಸಹಜವಾದದ್ದು. ಆದರೆ ಇದು ಕೈಬಿಡುವ ಮಾತಲ್ಲ. ಸೋಜಿಗವೆಂದರೆ, ಹೀಗೆ ಕಾಯಬಹುದೆಂದು ಧೈರ್ಯವಾಗಿ ಹೇಳಿದ್ದು ವಿಕಿರಣ ತಜ್ಞರಲ್ಲ, ಬ್ರೆಜಿಲ್ ದೇಶದ ಸಾವೊ ಪೌಲೊ ನಗರದ ಒಬ್ಬ ಶಸ್ತ್ರವೈದ್ಯೆ, ಡಾ. ಆಂಜೆಲಿಟಾ ಹಬ್ರ್-ಗಾಮ. ಲೆಬನಾನ್‌ನಿಂದ ವಲಸೆ ಬಂದ ದಂಪತಿಯ ಮಗಳಾದ ಅವರು, ಶಸ್ತ್ರಚಿಕಿತ್ಸೆ ಗಂಡಸರ ಕೆಲಸವೆಂದೇ ಎಲ್ಲರೂ ತಿಳಿದಿದ್ದ ಕಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಆ ವಿಭಾಗದ ಮೊದಲ ಮಹಿಳಾ ರೆಸಿಡೆಂಟ್ (ತರಬೇತಿಯಲ್ಲಿರುವ ವೈದ್ಯೆ) ಆದವರು.

1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಅವರು ಗುದನಾಳವನ್ನೂ ಗುದದ್ವಾರವನ್ನೂ ಸೇರಿಸಿ ತೆಗೆದುಹಾಕುವ ವಿಧಾನವನ್ನು ಪ್ರಕಟಿಸಿದಂದಿನಿಂದ, ಕೆಳಮಟ್ಟದ ಗಡ್ಡೆಗಳಿಗೆ ಶಾಶ್ವತ ಚೀಲವೆಂಬುದು ಬಹುಪಾಲು ಖಚಿತವಾಗಿತ್ತು. ಮುಂದೆ ಆಪರೇಷನ್ನಿಗೆ ಮೊದಲೇ ರೇಡಿಯೇಷನ್ ಮತ್ತು ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸುವ ಕ್ರಮ ಬಂದಾಗ, ಎಲ್ಲೆಡೆಯ ಸರ್ಜನ್‌ಗಳಿಗೂ ಒಂದು ಮುಜುಗರದ ಅನುಭವವಾಗತೊಡಗಿತು: ಕತ್ತರಿಸಿ ತೆಗೆದ ಭಾಗವನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ, ಕೆಲವರದರಲ್ಲಿ ಕ್ಯಾನ್ಸರಿನ ಒಂದು ಕೋಶವೂ ಸಿಗುತ್ತಿರಲಿಲ್ಲ. ರೋಗ ಮೊದಲೇ ಹೋಗಿತ್ತು. ಆಪರೇಷನ್ನಿನಿಂದ ರೋಗಿಗೆ ಸಿಕ್ಕಿದ್ದು ಚೀಲ ಮಾತ್ರ. ಹೆಚ್ಚಿನವರು ಇದನ್ನು ಒಳ್ಳೆಯ ಸುದ್ದಿಯೆಂದು ಬರೆದಿಟ್ಟು ಮುಂದಿನ ರೋಗಿಯತ್ತ ಹೊರಳಿದರು. ಹಬ್ರ್-ಗಾಮ ಅವರು ಮಾತ್ರ, ಹಾಗಾದರೆ ತೆಗೆಯಲೇಬೇಕಾಗಿತ್ತೇ ಎಂದು ಕೇಳಿಕೊಂಡರು.

1991ರಿಂದ ಅವರ ತಂಡವು ರೇಡಿಯೇಷನ್ ಮುಗಿದ ಎಂಟು ವಾರಗಳ ಬಳಿಕ ಪ್ರತಿ ರೋಗಿಯನ್ನೂ ಬೆರಳಿನಿಂದ ಮತ್ತು ದರ್ಶಕ ನಳಿಕೆಯಿಂದ (ಎಂಡೋಸ್ಕೋಪ್) ಕೂಲಂಕಷವಾಗಿ ಪರೀಕ್ಷಿಸಿ, ಗಡ್ಡೆಯ ಕುರುಹೇ ಇಲ್ಲದವರನ್ನು ಆಪರೇಷನ್ ಮಾಡದೆ ನಿಗಾದಲ್ಲಿ ಇಟ್ಟಿತು. 2004ರಲ್ಲಿ ಪ್ರಕಟವಾದ ವರದಿಯ ಪ್ರಕಾರ 265 ರೋಗಿಗಳ ಪೈಕಿ 71 ಮಂದಿ ಹೀಗೆ ಚಾಕುವಿನಿಂದ ಪಾರಾಗಿದ್ದರು. ಐದು ವರ್ಷಗಳ ಲೆಕ್ಕದಲ್ಲಿ ಅವರಲ್ಲಿ ಬದುಕುಳಿದವರ ಪ್ರಮಾಣ ಶೇ. 100. ಈ ಅಂಕಿಯನ್ನು ಹಾಗೆಯೇ ಒಪ್ಪಬೇಡಿ ಎಂದು ನಾನೇ ಹೇಳುತ್ತೇನೆ. ಒಂದು ವರ್ಷದವರೆಗೆ ಗಡ್ಡೆ ಮರಳದೆ ಇದ್ದವರನ್ನಷ್ಟೇ ಆ ಗುಂಪಿನಲ್ಲಿ ಎಣಿಸಿದ್ದರಿಂದ ಚಿತ್ರ ತುಸು ಹೆಚ್ಚೇ ಬೆಳಗಿ ಕಂಡಿತ್ತು. ಬೇರೆ ದೇಶಗಳ ಸರ್ಜನ್‌ಗಳು ವರ್ಷಗಟ್ಟಲೆ ಅನುಮಾನಿಸಿದ್ದರಲ್ಲಿ ತಪ್ಪಿರಲಿಲ್ಲ.

ಈಗ ನಂಬಿಕೆಗೆ ಆಧಾರವಾಗಿರುವುದು ಅನಂತರ ಬಂದ, ಹೆಚ್ಚು ಕಟ್ಟುನಿಟ್ಟಾದ ಲೆಕ್ಕಗಳು. 15 ದೇಶಗಳ 47 ಕೇಂದ್ರಗಳು ಒಟ್ಟಾಗಿ, ಗಡ್ಡೆ ಪೂರ್ತಿ ಕರಗಿದ್ದ 880 ರೋಗಿಗಳ ವಿವರವನ್ನು 2018ರಲ್ಲಿ ಪ್ರಕಟಿಸಿದವು. ಎರಡು ವರ್ಷಗಳೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಚಿಗುರಿತ್ತು. ಹಾಗೆ ಚಿಗುರಿದವುಗಳಲ್ಲಿ ಶೇ. 97ರಷ್ಟು ಕರುಳಿನ ಗೋಡೆಯಲ್ಲಿಯೇ, ಅಂದರೆ ಬೆರಳಿಗೂ ದರ್ಶಕಕ್ಕೂ ಎಟುಕುವ ಜಾಗದಲ್ಲಿದ್ದವು. ಬೇಗ ಪತ್ತೆಯಾದರೆ ಬಹುತೇಕರಿಗೆ ಆಗಲೂ ಆಪರೇಷನ್ ಮಾಡಿಸಿಕೊಳ್ಳಲು ಅವಕಾಶವಿರುತ್ತದೆ.

ಆದ್ದರಿಂದ ನೀವು ಕೇಳಬೇಕಾದದ್ದು ‘ಈ ಪದ್ಧತಿಯನ್ನು ನಂಬಬಹುದೇ’ ಎಂಬುದಕ್ಕಿಂತ ‘ತಂದೆಯವರನ್ನು ತಪ್ಪದೆ ಕರೆದೊಯ್ಯಬಲ್ಲೆವೇ’ ಎಂಬುದನ್ನು. ಮೊದಲ ಎರಡು ಮೂರು ವರ್ಷ ಕೆಲವೇ ತಿಂಗಳಿಗೊಮ್ಮೆ ಬೆರಳ ಪರೀಕ್ಷೆ, ದರ್ಶಕ ಪರೀಕ್ಷೆ, ಎಂಆರ್‌ಐ ಹಾಗೂ ಸಿಇಎ ಎಂಬ ರಕ್ತಪರೀಕ್ಷೆ ಆಗಲೇಬೇಕು. ಊರಿನಿಂದ ಆಸ್ಪತ್ರೆ ದೂರವೆಂದೋ, ಸುಗ್ಗಿಯ ಕಾಲವೆಂದೋ ನಾಲ್ಕಾರು ತಿಂಗಳು ಹೋಗದೆ ಉಳಿಯುವ ಸಂಭವವಿದ್ದರೆ, ಅದನ್ನು ಸಂಕೋಚಪಡದೆ ಸರ್ಜನ್ ಅವರಿಗೆ ಈಗಲೇ ಹೇಳಿಬಿಡಿ. ಅಂಥವರಿಗೆ ಆಪರೇಷನ್ನೇ ಹೆಚ್ಚು ಸುರಕ್ಷಿತವಾಗಬಹುದು.

ಪ್ರಶ್ನೆ: ದೊಡ್ಡ ಕರುಳಿನ ಮೇಲ್ಭಾಗದ ಕ್ಯಾನ್ಸರಿಗೂ ಹೀಗೆ ಕಾಯಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಸಾಮಾನ್ಯವಾಗಿ ಇಲ್ಲ. ಮೇಲಿನ ಕರುಳು ಉಸಿರಾಟದೊಂದಿಗೆ ಅಲುಗಾಡುತ್ತದೆ, ಅದರ ಸುತ್ತಲೂ ಸಣ್ಣ ಕರುಳಿರುತ್ತದೆ. ಆದ್ದರಿಂದ ಅಲ್ಲಿ ರೇಡಿಯೇಷನ್ ಬಳಸುವುದೇ ಅಪರೂಪ. ಅಲ್ಲದೆ ರೋಗದ ಭಾಗವನ್ನು ತೆಗೆದು ಉಳಿದ ಎರಡು ತುದಿಗಳನ್ನು ಜೋಡಿಸಬಹುದಾದ್ದರಿಂದ, ಶಾಶ್ವತ ಚೀಲದ ಪ್ರಶ್ನೆ ಹೆಚ್ಚಿನವರಿಗೆ ಏಳುವುದಿಲ್ಲ. ಅಲ್ಲಿ ಆಪರೇಷನ್ ಮುಂದೂಡಿದರೆ ರೋಗಿಗೆ ಸಿಗುವ ಲಾಭ ಕಡಿಮೆ, ಅಪಾಯ ಹೆಚ್ಚು.