ಪೆನ್‌ಡ್ರೈವ್‌ನಲ್ಲಿ ಟೇಲ್ಸ್: ಟಿಪ್ಪಣಿ ಎಲ್ಲಿ ಹೋಯಿತು?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಟೇಲ್ಸ್ ಬಳಸಿದರೆ ವಿಂಡೋಸ್ ಅಳಿಸಿಹೋಗುತ್ತದೆಯೇ? ನಿನ್ನೆ ಬರೆದಿಟ್ಟ ಟಿಪ್ಪಣಿ ಇಂದು ಇಲ್ಲ. ಟಾರ್ ಬ್ರೌಸರ್‌ನಲ್ಲಿ ನಾನು ಯಾರಿಗೂ ಕಾಣುವುದಿಲ್ಲ ತಾನೆ?
– ವರದಿಗಾರ್ತಿ, ಶಿವಮೊಗ್ಗ

ಉತ್ತರ: ವಿಂಡೋಸ್‌ಗೆ ಏನೂ ಆಗದು. ಟೇಲ್ಸ್ ಎಂದರೆ ಜಾಡು ಉಳಿಸದೆ ಕೆಲಸ ಮಾಡಲು ವಿಂಡೋಸ್ ಬದಲಿಗೆ ಬಳಸುವ ಆಪರೇಟಿಂಗ್ ಸಿಸ್ಟಂ; ಅದು ಓಡುವುದು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಿಂದ. ಆದರೆ ಆ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ, ಹಾಗಾಗಿ ಮದುವೆ ಫೋಟೊಗಳನ್ನು ಮೊದಲೇ ಬೇರೆಡೆ ಇಡಿ.

ಟಿಪ್ಪಣಿಯ ವಿಷಯಕ್ಕೆ ನಿಜಕ್ಕೂ ಬೇಸರವಾಯಿತು. ಹೀಗೇ ಒಂದು ಇಡೀ ಸಂದರ್ಶನ ಕಳೆದುಕೊಂಡವನು ನಾನು. ಟೇಲ್ಸ್ ಕೆಲಸ ಮಾಡುವುದು ರ‍್ಯಾಮ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ; ಮುಚ್ಚಿದೊಡನೆ ಎಲ್ಲ ಮರೆಯುತ್ತದೆ. ಉಳಿಯಬೇಕಾದ್ದಕ್ಕೆ ‘ಪರ್ಸಿಸ್ಟೆಂಟ್ ಸ್ಟೋರೇಜ್’ (ಅದೇ ಪೆನ್‌ಡ್ರೈವ್‌ನಲ್ಲಿ ಬೀಗ ಹಾಕಿದ ಜಾಗ) ತೆರೆದು, ಉದ್ದನೆಯ ಪಾಸ್‌ಫ್ರೇಸ್ ಕೊಡಿ. ಅದನ್ನು ಮರೆತರೆ ಯಾರೂ ತೆರೆಯಲಾರರು.

ಮೂರನೆಯದೇ ಮುಖ್ಯ. ಗುರುತು ಮರೆಮಾಡುವ ಜಾಲವಾದ ಟಾರ್ ನಿಮ್ಮ ಸಂಪರ್ಕವನ್ನು ಮೂರು ರಿಲೇಗಳ (ನಡುವಿನ ಸರ್ವರ್‌ಗಳ) ಮೂಲಕ ಸಾಗಿಸುತ್ತದೆ. ಮೊದಲನೆಯದಕ್ಕೆ ನೀವು ಗೊತ್ತು, ಹೋಗುವ ತಾಣ ಗೊತ್ತಿಲ್ಲ. ಕೊನೆಯದಕ್ಕೆ ತಾಣ ಗೊತ್ತು, ನೀವು ಗೊತ್ತಿಲ್ಲ. ಆದರೂ ನೀವು ಟಾರ್ ಬಳಸುತ್ತಿದ್ದೀರಿ ಎಂಬುದು ಇಂಟರ್ನೆಟ್ ಕಂಪನಿಗೆ ಕಾಣುತ್ತದೆ. ಅದನ್ನೂ ಮರೆಮಾಡಲು ‘ಬ್ರಿಡ್ಜ್’ (ಸಾರ್ವಜನಿಕ ಪಟ್ಟಿಯಲ್ಲಿಲ್ಲದ ರಿಲೇ) ನೆರವಾಗುತ್ತದೆ. ಇನ್ನು, ಟಾರ್‌ನೊಳಗೆ ಕೂತು ನಿಮ್ಮದೇ ಫೇಸ್‌ಬುಕ್ ಖಾತೆಗೆ ಲಾಗಿನ್ ಆದರೆ ಫೇಸ್‌ಬುಕ್‌ಗೆ ನೀವು ನೀವೇ. ನಿಮಗೆ ಸುದ್ದಿ ಕೊಟ್ಟವರ ಸುರಕ್ಷತೆ ನಿಮ್ಮ ಕೈಯಲ್ಲಿದೆ, ದಯವಿಟ್ಟು ಆ ಕೆಲಸದ ನಡುವೆ ಸ್ವಂತ ಖಾತೆಗಳನ್ನು ತೆರೆಯಬೇಡಿ.